1996ರ ಹಿಲ್ ಆಫ್ ಗ್ರೇಸ್ ತೆರೆದೆವು: ಹಳೆ ಬಳ್ಳಿ, ಹಳೆ ಬಾಟಲಿಯ ಬಗ್ಗೆ ಮಾತಾಡೋಣ ಬನ್ನಿ

ಅಡಿಲೇಡ್_ಅರಸೀಕೆರೆ

ಹಳೆ ವೈನ್ ಅಂದ ತಕ್ಷಣ ನಮ್ಮವರಲ್ಲಿ ಎರಡು ಸಂಗತಿ ಕಲೆಸಿಹೋಗುತ್ತವೆ. ಬಳ್ಳಿಯ ವಯಸ್ಸು ಒಂದು, ಬಾಟಲಿಯ ವಯಸ್ಸು ಇನ್ನೊಂದು. ನೂರೈವತ್ತು ವರ್ಷದ ಬಳ್ಳಿಯ ಹಣ್ಣಿನಿಂದ ಹೋದ ವರ್ಷ ಮಾಡಿದ ವೈನೂ ಇರುತ್ತದೆ. ಎಳೆ ಬಳ್ಳಿಯ ಹಣ್ಣಿನಿಂದ ಮಾಡಿ ಯಾರದೋ ನೆಲಮಾಳಿಗೆಯಲ್ಲಿ ಮೂವತ್ತು ವರ್ಷ ಕೂತ ವೈನೂ ಇರುತ್ತದೆ. ಎರಡೂ ಕೂಡಿಬರುವುದು ಅಪರೂಪ. ಹಾಗೆ ಕೂಡಿಬಂದ ಒಂದು ಬಾಟಲಿ, ಹೆನ್ಶ್ಕಿ ಮನೆತನದ 1996ರ ಹಿಲ್ ಆಫ್ ಗ್ರೇಸ್ ಶಿರಾಜ್ (ಶಿರಾಜ್ ಎಂಬುದು ಕೆಂಪು ವೈನಿನ ದ್ರಾಕ್ಷಿ ತಳಿ), ನಾವು ಗೆಳೆಯರು ಚಂದಾ ಹಾಕಿ ಹರಾಜಿನಲ್ಲಿ ಹಿಡಿದದ್ದು. ಈಚೆಗೆ ತೆರೆದೆವು.

ತೋಟ ಇರುವುದು ದಕ್ಷಿಣ ಆಸ್ಟ್ರೇಲಿಯಾದ ಈಡನ್ ವ್ಯಾಲಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿ. ಎದುರಿಗೇ ಗ್ನಾಡೆನ್‌ಬರ್ಗ್ ಲುಥೆರನ್ ಚರ್ಚ್. ಗ್ನಾಡೆನ್‌ಬರ್ಗ್ ಎಂದರೆ 'ಕೃಪೆಯ ಬೆಟ್ಟ', ವೈನಿನ ಹೆಸರು ಬಂದದ್ದು ಅಲ್ಲಿಂದ. ಅಲ್ಲಿನ ಅತಿ ಹಳೆಯ ಶಿರಾಜ್ ಸಾಲುಗಳನ್ನು 1860ರ ಸುಮಾರಿಗೆ ನಿಕೊಲಾಸ್ ಸ್ಟಾನಿಟ್ಸ್ಕಿ ಎಂಬ ವಲಸಿಗ ನೆಟ್ಟರು. ಮನೆಯವರು ಆ ಭಾಗವನ್ನು 'ಅಜ್ಜಂದಿರು' ಎಂದೇ ಕರೆಯುತ್ತಾರೆ. ಇಡೀ ತೋಟ 8 ಹೆಕ್ಟೇರ್, ಅದರಲ್ಲಿ ಶಿರಾಜ್ ಸುಮಾರು ಅರ್ಧ. ಸಿರಿಲ್ ಹೆನ್ಶ್ಕಿ 1958ರಲ್ಲಿ ಈ ಒಂದೇ ತೋಟದ ಹಣ್ಣನ್ನು ಬೇರೆ ಇಟ್ಟು ವೈನ್ ಮಾಡಿದರು. 1979ರಿಂದ ಸಿರಿಲ್ ಅವರ ಮಗ ಸ್ಟೀಫನ್ ವೈನ್ ನೋಡಿಕೊಳ್ಳುತ್ತಿದ್ದಾರೆ, ಅವರ ಪತ್ನಿ ಪ್ರೂ ಬಳ್ಳಿಗಳನ್ನು.

ಇನ್ನು ರುಚಿ. ಲೋಟಕ್ಕೆ ಬಿದ್ದಾಗ ನಡುವೆ ಮಾಣಿಕ್ಯದ ಕೆಂಪು, ಅಂಚಿನಲ್ಲಿ ಇಟ್ಟಿಗೆಯ ಬಣ್ಣ. ಮೊದಲ ಐದು ನಿಮಿಷ ಮೂಗಿಗೆ ಹೆಚ್ಚೇನೂ ಸಿಗಲಿಲ್ಲ, ಮುಚ್ಚಿದ ಕೋಣೆಯ ವಾಸನೆ ಅಷ್ಟೆ. ಆಮೇಲೆ ಒಂದೊಂದೇ ಬಂದವು: ಚಕ್ರಮೊಗ್ಗು, ಕರಿಮೆಣಸು, ಒಣಗಿದ ಅಂಜೂರ, ತೊಗಲು, ಮಳೆ ಬಿದ್ದ ಮೇಲೆ ಕಾಡಿನ ತರಗೆಲೆ. ಬಾಯಲ್ಲಿ ಒಗರು ಇತ್ತು, ಆದರೆ ನಾಲಿಗೆಯನ್ನು ಎಲ್ಲೂ ಹಿಡಿಯಲಿಲ್ಲ. ನುಂಗಿದ ಮೇಲೂ ಮಾತು ನಿಲ್ಲಿಸುವಷ್ಟು ಹೊತ್ತು ಉಳಿಯಿತು. ನಮ್ಮಲ್ಲಿ ಒಬ್ಬರಿಗೆ ಮಾತ್ರ ಮೆಣಸು ಸುತರಾಂ ಸಿಗಲಿಲ್ಲ. ಉಳಿದವರಿಗೆಲ್ಲ ಮೂಗಿಗೆ ಹೊಡೆಯುವಷ್ಟಿತ್ತು. ಅದು ಯಾಕಿರಬಹುದು?

ಮಾಗಿದ ವೈನನ್ನು ನೀವೆಲ್ಲ ಹೇಗೆ ಅಳೆಯುತ್ತೀರಿ ಎಂದು ಕೇಳುವ ಆಸೆ. ನನ್ನ ಮಟ್ಟಿಗೆ ಹೇಳುವುದಾದರೆ, ಹಣ್ಣಿನ ರುಚಿಯನ್ನೇ ಹುಡುಕುತ್ತ ಕೂತರೆ ಇಂಥ ಬಾಟಲಿ ಕೈಗೆ ಸಿಗುವುದಿಲ್ಲ. ಹಣ್ಣು ಹೋದ ಜಾಗಕ್ಕೆ ಏನು ಬಂದಿದೆ ಎಂದು ನೋಡಬೇಕು.

ಹೊಸರುಚಿ

ಸರ್, ಓದಿ ಖುಷಿಯಾಯಿತು. ನಾನು ವೈನ್ ಕುಡಿಯಲು ಶುರು ಮಾಡಿ ಬಹಳ ಕಾಲವಾಗಿಲ್ಲ, ಆದ್ದರಿಂದ ಕೇಳುತ್ತೇನೆ. ಹಳೆ ವೈನ್ ಕಂದುಬಣ್ಣಕ್ಕೆ ತಿರುಗಿ, ಸೋಸಿಟ್ಟ ಕಾಫಿ ಡಿಕಾಕ್ಷನ್ನಿನ ಹಾಗೆ ಕಂಡರೆ ಅದು ಕೆಟ್ಟಿದೆಯೋ ಮಾಗಿದೆಯೋ ಹೇಗೆ ಗೊತ್ತಾಗುವುದು? ತಳದಲ್ಲಿ ಕೂತ ಗಸಿ ಏನು? ಕುಡಿದರೆ ತೊಂದರೆಯೇ?

ರಸಾಯನ_ಮೇಷ್ಟ್ರು

ಮೊದಲು ಮೆಣಸಿನ ಪ್ರಶ್ನೆ, ಏಕೆಂದರೆ ಅದಕ್ಕೆ ಖಚಿತ ಉತ್ತರವಿದೆ. ಶಿರಾಜ್‌ನ ಆ ವಾಸನೆಗೆ ಕಾರಣ ರೋಟಂಡೋನ್ ಎಂಬ ಒಂದು ಅಣು. ಅಡಿಲೇಡಿನ ಆಸ್ಟ್ರೇಲಿಯನ್ ವೈನ್ ಸಂಶೋಧನಾ ಸಂಸ್ಥೆಯವರು ಅದನ್ನು ಪತ್ತೆಹಚ್ಚಿ 2008ರಲ್ಲಿ ಪ್ರಕಟಿಸಿದರು. ನಮ್ಮ ಮಲೆನಾಡಿನ ಕಾಳುಮೆಣಸಿನಲ್ಲಿ ಇರುವುದೂ ಅದೇ ಅಣು, ಪ್ರಮಾಣ ಮಾತ್ರ ಬಹಳ ಹೆಚ್ಚು. ಪರೀಕ್ಷೆಗೆ ಕೂತವರಲ್ಲಿ ಸುಮಾರು 20 ಶೇಕಡಾ ಮಂದಿಗೆ ಎಷ್ಟು ಹಾಕಿದರೂ ಅದರ ವಾಸನೆ ತಿಳಿಯಲಿಲ್ಲ. ನಿಮ್ಮ ಗೆಳೆಯರ ಮೂಗಿನಲ್ಲಿ ಕೊರತೆಯೇನಿಲ್ಲ, ಆ ಒಂದು ಅಣುವಿಗೆ ಅವರು ಸ್ಪಂದಿಸುವುದಿಲ್ಲ ಅಷ್ಟೆ. ತಂಪು ಪ್ರದೇಶದ ಶಿರಾಜ್‌ನಲ್ಲಿ ರೋಟಂಡೋನ್ ಹೆಚ್ಚು. ಪಕ್ಕದ ಬರೋಸಾ ಕಣಿವೆಯ ತಗ್ಗಿಗಿಂತ ಈಡನ್ ವ್ಯಾಲಿಯ ಎತ್ತರದಲ್ಲಿ ಮೆಣಸು ಎದ್ದು ಕಾಣುವುದು ಅದಕ್ಕೇ.

ಹೊಸರುಚಿಯವರೇ, ಬಣ್ಣದ ಕಥೆ ಹೀಗೆ. ಎಳೆ ಕೆಂಪು ವೈನಿಗೆ ನೇರಳೆ ಬಣ್ಣ ಕೊಡುವುದು ಸಿಪ್ಪೆಯಿಂದ ಬಂದ ಆಂಥೋಸಯನಿನ್. ಒಗರು ಕೊಡುವುದು ಸಿಪ್ಪೆ ಮತ್ತು ಬೀಜದ ಟ್ಯಾನಿನ್. ವರ್ಷಗಳು ಕಳೆದಂತೆ ಇವೆರಡೂ ಒಂದಕ್ಕೊಂದು ಬೆಸೆದುಕೊಂಡು ದೊಡ್ಡ ಅಣುಗಳಾಗುತ್ತವೆ. ಬಣ್ಣ ನೇರಳೆಯಿಂದ ಇಟ್ಟಿಗೆಗೆ ಜಾರುತ್ತದೆ. ಇನ್ನೂ ದೊಡ್ಡದಾದವು ದ್ರವದಲ್ಲಿ ನಿಲ್ಲಲಾರದೆ ತಳ ಸೇರುತ್ತವೆ. ಗಸಿ ಎಂದರೆ ಅದೇ. ಕುಡಿದರೆ ಅಪಾಯವಿಲ್ಲ, ಬಾಯಿಗೆ ಮರಳು ಮರಳು, ಕಹಿ. ಹಣ್ಣಿನ ಘಮ ಕೊಡುವ ಎಸ್ಟರ್‌ಗಳು ನಿಧಾನವಾಗಿ ಒಡೆದುಹೋಗುತ್ತವೆ, ಮತ್ತೊಂದು ಕಡೆ ಡೈಮಿಥೈಲ್ ಸಲ್ಫೈಡ್‌ನಂಥವು ಹೆಚ್ಚುತ್ತವೆ. ಮಾಗಿದ ಶಿರಾಜ್‌ನ ಅಣಬೆ, ಆಲಿವ್ ವಾಸನೆಗಳಲ್ಲಿ ಅದರ ಪಾಲಿದೆ.

ಕೆಟ್ಟದ್ದನ್ನು ಹಿಡಿಯುವುದು ಕಷ್ಟವಲ್ಲ. ವಿನೆಗರ್ ವಾಸನೆ, ಜಜ್ಜಿಟ್ಟ ಸೇಬಿನ ವಾಸನೆ ಬಂದರೆ ಗಾಳಿ ಹೊಕ್ಕಿದೆ. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್‌ನಿಂದ ಟಿಸಿಎ ಎಂಬ ವಸ್ತು ಇಳಿದಿದೆ, ಅದಕ್ಕೆ ವಯಸ್ಸಿನ ಸಂಬಂಧವಿಲ್ಲ. ಬಣ್ಣ ಎಷ್ಟೇ ಕಂದಾಗಿರಲಿ, ವಾಸನೆ ಶುಚಿಯಾಗಿದ್ದು ಬಾಯಲ್ಲಿ ಹುಳಿ ಜೀವಂತವಾಗಿದ್ದರೆ ಆ ವೈನ್ ಬದುಕಿದೆ. ನಾನು ಹಳೆ ಬಾಟಲಿಯಲ್ಲಿ ಮೊದಲು ಹುಡುಕುವುದೇ ಹುಳಿಯನ್ನು.

ವಿಜಯಪುರ_ಪಡ

ನಮಸ್ಕಾರ್ರೀ ಎಲ್ಲಾರಿಗೂ. ನಾ ಕುಡಿಯಾಂವಲ್ಲ, ಬೆಳೆಯಾಂವ. ನಮ್ಮ ಪಡದಾಗ (ದ್ರಾಕ್ಷಿ ತೋಟದಾಗ) ಥಾಮ್ಸನ್ ಸೀಡ್‌ಲೆಸ್ ತಳಿ ಐತಿ, ಮುಕ್ಕಾಲು ಮಾಲು ಮಣೂಕಾನ, ಅಂದ್ರ ಒಣದ್ರಾಕ್ಷಿನ ಆಗತೈತಿ. ನೂರಾ ಅರವತ್ತು ವರ್ಷದ ಬಳ್ಳಿ ಅಂತ ಓದಿ ನನಗ ನಂಬಾಕ ಆಗಲಿಲ್ಲರೀ. ನಮ್ಮ ಕಡೆ ಹದಿನೈದು ವರ್ಷ ದಾಟಿತಂದ್ರ ಇಳುವರಿ ಬೀಳತೈತಿ, ಪಡ ಕಿತ್ತು ಹೊಸದು ಹಚ್ಚತೀವಿ.

ಒಂದು ಕಾರಣ ನನಗ ತಿಳಿದದ್ದು ಹೇಳತೀನಿ. ನಮ್ಮ ಬಿಸಿಲಿಗೆ ಬಳ್ಳಿ ಮಲಗೂದ ಇಲ್ಲ. ಎಲಿ ಉದುರಿಸಿ ನಿದ್ದಿ ಮಾಡುವಷ್ಟು ಚಳಿ ಇಲ್ಲಿ ಎಲ್ಲಿ ಬರಬೇಕು? ಅದಕ್ಕ ವರ್ಷಕ್ಕ ಎರಡು ಚಾಟ್ನಿ, ಅಂದ್ರ ಬಳ್ಳಿ ಕತ್ತರಿಸೂದು: ಏಪ್ರಿಲ್‌ದಾಗ ಒಂದು, ಕಡ್ಡಿ ಬೆಳೆಸಾಕ, ಅಕ್ಟೋಬರ್‌ದಾಗ ಒಂದು, ಹಣ್ಣಿಗೆ. ಬಳ್ಳಿ ವರ್ಷಪೂರ್ತಿ ದುಡಿತೈತಿ. ಮತ್ತ ನಮ್ಮವು ಡಾಗ್‌ರಿಡ್ಜ್ ಬೇರಿನ ಮ್ಯಾಲ ಕಸಿ ಮಾಡಿದ್ದು, ಉಪ್ಪುನೀರು, ಬರ ತಡೀಲಿ ಅಂತ. ಅಲ್ಲಿ ಹ್ಯಾಂಗ? ಕಸಿ ಮಾಡಿರತಾರೇನು? ನೀರು ಎಷ್ಟು ಬಿಡತಾರ? ಇಳುವರಿ ಇಲ್ಲದ ಬಳ್ಳಿ ಇಟಗೊಂಡು ಅವರು ಹೊಟ್ಟಿಗೆ ಏನು ತಿಂದರು?

ಬರೋಸಾ_ಬಳ್ಳಿಕೆಲಸ

ಅಣ್ಣಾ, ನಿಮ್ಮ ಕೊನೆಯ ಪ್ರಶ್ನೆ ಕೇಳಿದವರನ್ನು ನಾನು ಈ ಚರ್ಚೆಗಳಲ್ಲಿ ಕಂಡದ್ದು ಕಡಿಮೆ. ನಾನು ಇಲ್ಲಿನ ತೋಟಗಳಲ್ಲಿ ಚಳಿಗಾಲದ ಕತ್ತರಿ ಕೆಲಸ ಮಾಡುತ್ತೇನೆ, ಆದ್ದರಿಂದ ಕಂಡದ್ದನ್ನು ಹೇಳುತ್ತೇನೆ.

ಕಸಿ ಇಲ್ಲ. ಹಳೆ ಬಳ್ಳಿಗಳೆಲ್ಲ ಸ್ವಂತ ಬೇರಿನ ಮೇಲೆ ನಿಂತಿವೆ. ಯೂರೋಪಿನಲ್ಲಿ 19ನೇ ಶತಮಾನದ ಕೊನೆಗೆ ಫಿಲಾಕ್ಸೆರಾ ಎಂಬ ಬೇರುಹೇನು ತೋಟಗಳನ್ನೆಲ್ಲ ತಿಂದುಹಾಕಿತು. ಅಲ್ಲಿಯವರು ಅಮೆರಿಕದ ಬೇರಿಗೆ ಕಸಿ ಕಟ್ಟಿಯೇ ಮತ್ತೆ ಎದ್ದದ್ದು. ಆಸ್ಟ್ರೇಲಿಯಾದಲ್ಲೂ ವಿಕ್ಟೋರಿಯಾದ ಜೀಲಾಂಗ್‌ನಲ್ಲಿ 1877ರಲ್ಲಿ ಅದು ಕಾಣಿಸಿಕೊಂಡಿತು. ದಕ್ಷಿಣ ಆಸ್ಟ್ರೇಲಿಯಾದವರು 1899ರಲ್ಲಿ ಕಾನೂನು ತಂದು ಗಡಿ ಬಿಗಿ ಮಾಡಿದರು. ಅಲ್ಲಿಂದ ಇಲ್ಲಿಯವರೆಗೆ ಹುಳು ಒಳಗೆ ಬಂದಿಲ್ಲ. ಹಾಗಾಗಿ ಬರೋಸಾದ ಲ್ಯಾಂಗ್‌ಮೈಲ್ ತೋಟದಲ್ಲಿ ಕ್ರಿಶ್ಚಿಯನ್ ಔರಿಕ್ಟ್ 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಇವತ್ತಿಗೂ ಹಣ್ಣು ಬಿಡುತ್ತವೆ. ಯಾರಾದರೂ ಪ್ರವಾಸಕ್ಕೆ ಬಂದರೆ ದಯವಿಟ್ಟು ಬೇಲಿ ದಾಟಿ ಬಳ್ಳಿ ಸಾಲಿನೊಳಗೆ ಕಾಲಿಡಬೇಡಿ. ಚಪ್ಪಲಿಗೆ ಅಂಟಿದ ಮಣ್ಣಿನಲ್ಲಿ ಆ ಹುಳು ಬರಬಲ್ಲದು. ಫೋಟೋ ರಸ್ತೆಯಿಂದಲೇ ತೆಗೆಯಿರಿ.

ನೀರು: ಹಿಲ್ ಆಫ್ ಗ್ರೇಸ್ ಮಳೆಯನ್ನೇ ನಂಬಿದ ತೋಟ. ಬೇರು ಆಳಕ್ಕೆ ಹೋಗಿರುವುದರಿಂದ ಬರಗಾಲದಲ್ಲೂ ತಡೆದುಕೊಳ್ಳುತ್ತವೆ. ಪ್ರೂ ಹೆನ್ಶ್ಕಿ ಬಳ್ಳಿಗಳ ಬುಡಕ್ಕೆ ಹುಲ್ಲು ಹೊದಿಸಿ, ಕಾಂಪೋಸ್ಟ್ ಹಾಕಿ ತೇವ ಉಳಿಸುತ್ತಾರೆ. ಅತ್ಯುತ್ತಮ ಬಳ್ಳಿಗಳನ್ನು ಗುರುತಿಸಿ, ಅವುಗಳ ಕಡ್ಡಿಯಿಂದ ಸಸಿ ಎಬ್ಬಿಸುವ ಕೆಲಸವನ್ನೂ ಅವರು 1980ರ ದಶಕದಲ್ಲೇ ಶುರು ಮಾಡಿದ್ದರು. ಇಲ್ಲಿ ಬಳ್ಳಿಗೆ ದೊಡ್ಡ ಶತ್ರು ಯೂಟೈಪ ಎಂಬ ಶಿಲೀಂಧ್ರ; ಕತ್ತರಿಸಿದ ಗಾಯದಿಂದ ಹೊಕ್ಕು ಕಾಂಡವನ್ನು ಒಳಗಿಂದ ಒಣಗಿಸುತ್ತದೆ. ಮಳೆ ಬರುವ ಮುನ್ಸೂಚನೆ ಇದ್ದರೆ ನಾವು ಕತ್ತರಿ ಎತ್ತುವುದೇ ಇಲ್ಲ. ನೂರು ವರ್ಷ ದಾಟಿದ ಕಾಂಡದ ಮೇಲೆ ಗರಗಸ ಇಡುವ ಮುಂಚೆ ನನ್ನ ಕೈ ಈಗಲೂ ಒಂದು ಕ್ಷಣ ತಡೆಯುತ್ತದೆ.

ಹೊಟ್ಟೆಪಾಡು ಹೇಗಾಯಿತು ಎಂಬುದು ನೋವಿನ ಕಥೆ. 1980ರ ದಶಕದಲ್ಲಿ ಇಲ್ಲಿ ಹಣ್ಣು ಮಾರುಕಟ್ಟೆ ಮೀರಿ ಬಂತು, ಕೆಂಪು ವೈನ್ ಕೇಳುವವರಿರಲಿಲ್ಲ. ಬಳ್ಳಿ ಕಿತ್ತರೆ ಸರ್ಕಾರವೇ ದುಡ್ಡು ಕೊಡುವ ಯೋಜನೆ ಬಂತು. ಎಷ್ಟೋ ಹಳೆ ಶಿರಾಜ್ ತೋಟಗಳು, ಗ್ರೆನಾಶ್ ಎಂಬ ಇನ್ನೊಂದು ಕೆಂಪು ತಳಿಯ ತೋಟಗಳು ಆಗ ಮಣ್ಣಾದವು. ಪೀಟರ್ ಲೆಹ್‌ಮನ್, ರಾಕ್‌ಫೋರ್ಡ್‌ನ ರಾಬರ್ಟ್ ಓ'ಕ್ಯಾಲಹನ್, ಚಾರ್ಲ್ಸ್ ಮೆಲ್ಟನ್ ಇಂಥ ವೈನ್ ತಯಾರಕರು ಹಳೆ ಬಳ್ಳಿಯ ಹಣ್ಣು ಕೊಳ್ಳುತ್ತ ಹೋದದ್ದರಿಂದ ಕೆಲವು ರೈತರು ಕೀಳದೆ ಉಳಿದರು. ಈಗ ಆ ಬಳ್ಳಿಗಳನ್ನು ತೋರಿಸಿ ಬೆಲೆ ಕೇಳುತ್ತಾರೆ. ಬೆಲೆ ಇಲ್ಲದ ಕಾಲದಲ್ಲಿ ಅವನ್ನು ಉಳಿಸಿದ್ದು ಹಠ ಹಿಡಿದ ರೈತರು ಮತ್ತು ಅವರ ಹಣ್ಣಿಗೆ ದುಡ್ಡು ಕೊಟ್ಟ ಕೆಲವೇ ಜನ.

ವಿಜಯಪುರ_ಪಡ

ಅಕ್ಕಾರ, ಭಾಳ ಛಲೋ ತಿಳಿಸಿ ಹೇಳಿದ್ರಿ. ದರ ಬಿದ್ದಾಗ ಪಡ ಕಿತ್ತವರನ್ನ ನಾ ನಮ್ಮ ತಾಲೂಕಿನ್ಯಾಗೂ ನೋಡೀನಿ. ಕೊಳ್ಳಾವ ಒಬ್ಬ ಇದ್ದಿದ್ರ ಅವರೂ ಉಳಸತಿದ್ರು.

ರಸಾಯನ_ಮೇಷ್ಟ್ರು

ಬಳ್ಳಿಕೆಲಸದ ಮೇಡಂ ಬರೆದದ್ದನ್ನು ಗೌರವದಿಂದ ಓದಿದೆ. ಆದರೂ ಒಂದು ತಕರಾರು ದಾಖಲಿಸುತ್ತೇನೆ. ಹಳೆ ಬಳ್ಳಿಯ ವೈನ್ ತಾನಾಗಿಯೇ ಉತ್ತಮ ಎಂಬ ನಂಬಿಕೆಗೆ ನಾವು ಬೇಗ ಬೀಳುತ್ತೇವೆ. ಕಳಪೆ ಜಾಗದಲ್ಲಿದ್ದ ಬಳ್ಳಿಗಳನ್ನು ಜನ ಎಂದೋ ಕಿತ್ತಿದ್ದಾರೆ. ನೂರು ವರ್ಷ ಉಳಿದವು ಎಂದರೆ ಮೊದಲಿಂದಲೂ ಒಳ್ಳೆಯ ಮಣ್ಣಿನಲ್ಲಿ, ಒಳ್ಳೆಯವರ ಕೈಯಲ್ಲಿ ಇದ್ದವು. ಹಾಗಿರುವಾಗ ವೈನಿನ ಗುಣಕ್ಕೆ ಕಾರಣ ವಯಸ್ಸೋ ಜಾಗವೋ? ಎರಡನ್ನೂ ಬೇರೆ ಮಾಡಿ ಅಳೆಯುವುದು ಸುಲಭವಲ್ಲ. ಸೀಸೆಯ ಮೇಲೆ 'ಓಲ್ಡ್ ವೈನ್ಸ್' ಎಂದು ಬರೆಯಲು ಹೆಚ್ಚಿನ ದೇಶಗಳಲ್ಲಿ ಕಾನೂನಿನ ಅಳತೆಯೂ ಇಲ್ಲ.

ಬರೋಸಾ_ಬಳ್ಳಿಕೆಲಸ

ಅಳತೆಯ ಮಾತು ನಿಜ, ಮೇಷ್ಟ್ರೇ. ಅದಕ್ಕೇ ಬರೋಸಾದವರು 2009ರಲ್ಲಿ ತಾವೇ ಒಂದು ಸನದು ಮಾಡಿಕೊಂಡರು. 35 ವರ್ಷ ದಾಟಿದ್ದು 'ಹಳೆ ಬಳ್ಳಿ', 70 ದಾಟಿದ್ದು 'ಸರ್ವೈವರ್', 100 ದಾಟಿದ್ದು 'ಸೆಂಟೆನೇರಿಯನ್', 125 ದಾಟಿದ್ದು 'ಆನ್ಸೆಸ್ಟರ್'. ಇದಕ್ಕೆ ಮೊದಲು 2007ರಲ್ಲಿ ಯಲುಂಬಾ ವೈನ್ ಸಂಸ್ಥೆ ತನ್ನದೇ ಒಂದು ಪಟ್ಟಿ ಮಾಡಿತ್ತು. ಸೀಸೆಯ ಮೇಲೆ ಈ ಹೆಸರುಗಳನ್ನು ಕಂಡರೆ ಒಂದು ಅರ್ಥವಿದೆ. ಬರೀ 'ಹಳೆ' ಎಂದಿದ್ದರೆ ಕೇಳಿ ತಿಳಿಯಬೇಕು.

ಜಾಗವೋ ವಯಸ್ಸೋ ಎಂಬುದಕ್ಕೆ ನನ್ನ ಬಳಿ ಪ್ರಯೋಗದ ಉತ್ತರವಿಲ್ಲ, ಕಣ್ಣಿನ ಉತ್ತರ ಇದೆ. ಎಳೆ ಬಳ್ಳಿ ಒಂದು ವರ್ಷ ಹಣ್ಣು ಹೇರುತ್ತದೆ, ಮರುವರ್ಷ ಬಿಸಿಗಾಳಿಗೆ ಎಲೆ ಸುಟ್ಟು ಕೂರುತ್ತದೆ. ಹಳೆಯದು ಹಾಗೆ ಏರಿಳಿಯುವುದಿಲ್ಲ. ಗೊಂಚಲು ಕಡಿಮೆ, ಕಾಳು ಚಿಕ್ಕದು, ಸಿಪ್ಪೆಯ ಪಾಲು ಹೆಚ್ಚು. ಹಾಗಂತ ಎಲ್ಲ ವರ್ಷವೂ ಗೆಲ್ಲುತ್ತದೆ ಎನ್ನಲಾರೆ. ಹೆನ್ಶ್ಕಿಯವರು 2000ರಲ್ಲಿ ಹಿಲ್ ಆಫ್ ಗ್ರೇಸ್ ಬಿಡುಗಡೆ ಮಾಡಲಿಲ್ಲ. ಮಳೆ, ಚಳಿಯಲ್ಲಿ ನೆನೆದ 2011ರಲ್ಲೂ ಮಾಡಲಿಲ್ಲ. ಬಳ್ಳಿ ಎಷ್ಟೇ ಹಿರಿಯದಾಗಲಿ, ಕೆಟ್ಟ ವರ್ಷವನ್ನು ಕೆಟ್ಟದು ಎಂದು ಒಪ್ಪಿ ಕೈಬಿಡುವ ಮನೆಯ ವೈನನ್ನು ನಾನು ನಂಬುತ್ತೇನೆ.

ಕುಡ್ಲ_ಅಡಿಗೆ

ಇಷ್ಟೆಲ್ಲ ಮಾತಾಯಿತು, ಜೊತೆಗೆ ಏನು ತಿಂದಿರಿ ಅಂತ ಯಾರೂ ಹೇಳಲಿಲ್ಲ ಮಾರಾಯ್ರೇ! ಇಂಥ ವೈನಿನ ಎದುರು ಕೋರಿ ರೊಟ್ಟಿ ಇಟ್ಟರೆ ವೈನ್ ಸತ್ತಹಾಗೆ. ಬ್ಯಾಡಗಿಯ ಖಾರ, ಹುಣಸೆಯ ಹುಳಿ, ತೆಂಗಿನಹಾಲು, ಮೂರೂ ಸೇರಿ ಅದರ ಸಣ್ಣ ಸಣ್ಣ ಘಮವನ್ನೆಲ್ಲ ಮುಚ್ಚಿಬಿಡುತ್ತವೆ. ಕೊಡಗಿನ ಪಂದಿ ಕರಿಯೂ ಬೇಡ, ಕಾಚಂಪುಳಿ ಬಹಳ ಗಟ್ಟಿ. ಎಳೆ ಶಿರಾಜ್ ಆದರೆ ಪಂದಿ ಕರಿಗೆ ಎದುರು ನಿಲ್ಲುತ್ತದೆ, ಅದರ ಹತ್ತಿರ ಹಣ್ಣೂ ಉಂಟು, ಒಗರೂ ಉಂಟು.

ಮಾಗಿದ್ದಕ್ಕೆ ನಾನು ಮಾಡುವುದು: ಕುರಿಯ ಭುಜದ ಮಾಂಸ, ಉಪ್ಪು, ಜಜ್ಜಿದ ಕಾಳುಮೆಣಸು, ಬೆಳ್ಳುಳ್ಳಿ, ಸಣ್ಣ ಉರಿಯಲ್ಲಿ ನಾಲ್ಕು ಗಂಟೆ. ಬೇರೇನೂ ಇಲ್ಲ. ಸಸ್ಯಾಹಾರಿಗಳಿಗೆ ತುಪ್ಪದಲ್ಲಿ ಕಂದುವಷ್ಟು ಹುರಿದ ಅಣಬೆ, ಇಲ್ಲವೇ ಹುಳಿ ಖಾರ ತೀರಾ ಕಡಿಮೆ ಹಾಕಿ ಗಟ್ಟಿಯಾಗಿ ಇಳಿಸಿದ ಹುರುಳಿ ಕಟ್ಟು. ಹುರುಳಿಯ ಮಣ್ಣಿನ ಘಮ ಹಳೆ ವೈನಿನ ಜೊತೆ ಎಷ್ಟು ಚೆನ್ನಾಗಿ ಕೂಡುತ್ತದೆ ಎಂದು ಒಮ್ಮೆ ಮಾಡಿ ನೋಡಿ.

ಅಡಿಲೇಡ್_ಅರಸೀಕೆರೆ

ಹುರುಳಿ ಕಟ್ಟು! ಮುಂದಿನ ಸಲ ಖಂಡಿತ. ನಾವು ತಿಂದದ್ದು ಅಣಬೆ ಮತ್ತು ಸುಟ್ಟ ಕುರಿಮಾಂಸ, ಅದೂ ಎರಡನೇ ಲೋಟಕ್ಕೆ. ಮೊದಲ ಲೋಟ ಬರಿದೇ ಕುಡಿದೆವು.

ತೆರೆಯುವ ಕ್ರಮ ಕೇಳಿ ಹಲವರು ಖಾಸಗಿ ಸಂದೇಶ ಕಳಿಸಿದ್ದಾರೆ, ಇಲ್ಲೇ ಬರೆದುಬಿಡುತ್ತೇನೆ. ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿದೆವು, ಗಸಿ ತಳಕ್ಕೆ ಇಳಿಯಲಿ ಎಂದು. ಮೂವತ್ತು ವರ್ಷದ ಬಿರಡೆ ಮೆತ್ತಗಾಗಿರುತ್ತದೆ. ತಿರುಪಿನ ಸುರುಳಿ ಹಾಕಿ ಎಳೆದರೆ ನಡುವೆ ಮುರಿಯುತ್ತದೆ. ಅದಕ್ಕೆ ಆಹ್-ಸೋ ಎಂಬ ಎರಡು ಚಪ್ಪಟೆ ಕಾಲಿನ ಬಿರಡೆ ತೆಗೆಯುವ ಸಾಧನ ಬಳಸಿ ಪಕ್ಕದಿಂದ ಬಿಡಿಸಿಕೊಂಡು ಎತ್ತಿದೆವು. ಆಮೇಲೆ ಬಾಟಲಿಯ ಕತ್ತಿನ ಹಿಂದೆ ದೀಪ ಇಟ್ಟು, ಒಂದೇ ಸಲಕ್ಕೆ ನಿಧಾನವಾಗಿ ಬೇರೆ ಗಾಜಿನ ಹೂಜಿಗೆ ಬಗ್ಗಿಸುತ್ತ ಹೋಗಿ, ಗಸಿಯ ಗೆರೆ ಕತ್ತಿಗೆ ಬಂದ ಕೂಡಲೇ ನಿಲ್ಲಿಸಿದೆವು. ಎಳೆ ವೈನಿನಂತೆ ಗಂಟೆಗಟ್ಟಲೆ ಗಾಳಿಗೆ ಬಿಡಬೇಡಿ. ಇಷ್ಟು ವಯಸ್ಸಾದ ವೈನಿಗೆ ಲೋಟದಲ್ಲಿ ಸಿಗುವ ಗಾಳಿಯೇ ಸಾಕು, ಮತ್ತು ಅದು ಬದಲಾಗುವುದನ್ನು ನೋಡುವುದೇ ಅರ್ಧ ಸಂತೋಷ. 16ರಿಂದ 18 ಡಿಗ್ರಿ ಇರಲಿ. ಬೆಂಗಳೂರಿನ ಬೇಸಿಗೆಯ ಕೋಣೆ ಇದಕ್ಕೆ ತೀರಾ ಬೆಚ್ಚಗೆ.

ಮಲ್ಲೇಶ್ವರಂ_ಮಾಳಿಗೆ

ಬೆಂಗಳೂರಿನ ಹೆಸರು ಬಂದಿತು, ಹಾಗಾಗಿ ಸಂಗ್ರಹದ ಬಗ್ಗೆ ಎರಡು ಮಾತು. ಹಳೆ ಬಾಟಲಿಯನ್ನು ಕೊಳ್ಳುವಾಗ ವರ್ಷಕ್ಕಿಂತ ಮೊದಲು ನಾನು ಕೇಳುವುದು ಅದು ಇಷ್ಟು ದಿನ ಎಲ್ಲಿತ್ತು ಎಂದು. 12ರಿಂದ 15 ಡಿಗ್ರಿಯ ಕತ್ತಲಲ್ಲಿ, ಅಡ್ಡಲಾಗಿ ಮಲಗಿದ್ದ ಬಾಟಲಿಗೂ, ಯಾರದೋ ಷೋಕೇಸಿನಲ್ಲಿ ಬಿಸಿಲು ಕಾದ ಬಾಟಲಿಗೂ ಹೋಲಿಕೆಯೇ ಇಲ್ಲ, ಹೆಸರು ಒಂದೇ ಆದರೂ. ವೈನಿನ ಮಟ್ಟ ನೋಡಿ: ಕತ್ತಿನೊಳಗೇ ಇದ್ದರೆ ಬಹಳ ಒಳ್ಳೆಯದು, ಭುಜಕ್ಕೆ ಇಳಿದಿದ್ದರೆ ಬಿರಡೆ ಸೋಲುತ್ತಿದೆ ಎಂದೇ ಅರ್ಥ. ಆಸ್ಟ್ರೇಲಿಯಾದ ವೈನ್ ಸಂಸ್ಥೆ ಪೆನ್‌ಫೋಲ್ಡ್ಸ್‌ನವರು 1991ರಿಂದ 15 ವರ್ಷ ಮೀರಿದ ತಮ್ಮ ಕೆಂಪು ವೈನುಗಳನ್ನು ಪರೀಕ್ಷಿಸಿ ಬಿರಡೆ ಬದಲಿಸಿಕೊಡುವ ಶಿಬಿರ ನಡೆಸುತ್ತ ಬಂದಿದ್ದಾರೆ. ಅವರ ಹೆಸರಾಂತ ಕೆಂಪು ವೈನ್ ಗ್ರೇಂಜ್ ಇಟ್ಟುಕೊಂಡವರಿಗೆ ಅದು ದೊಡ್ಡ ಆಸರೆ.

ನಕಲಿಯ ಭಯವೂ ಸುಳ್ಳಲ್ಲ. ಅಪರೂಪದ ಫ್ರೆಂಚ್ ವೈನುಗಳನ್ನು ಮನೆಯಲ್ಲೇ ಬೆರೆಸಿ ಮಾರಿದ ರೂಡಿ ಕುರ್ನಿಯಾವನ್‌ನನ್ನು ನ್ಯೂಯಾರ್ಕ್ ನ್ಯಾಯಾಲಯ 2013ರಲ್ಲಿ ತಪ್ಪಿತಸ್ಥನೆಂದು ಹೇಳಿತು. ಖರೀದಿಯ ಹಳೆ ರಸೀದಿ, ಇಟ್ಟ ಜಾಗದ ದಾಖಲೆ ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ.

ಇಲ್ಲಿಗೆ ತರುವವರಿಗೆ: ವಿದೇಶದಿಂದ ಬರುವಾಗ ಸಾಮಾನಿನ ಜೊತೆ ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್. ಅಧಿಕೃತ ಆಮದಿಗೆ ಮೊದಲು 150 ಶೇಕಡಾ ಸುಂಕವಿತ್ತು. ಆಸ್ಟ್ರೇಲಿಯಾದ ಜೊತೆಗಿನ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಯಾದ ಮೇಲೆ, 15 ಅಮೆರಿಕನ್ ಡಾಲರಿಗೆ ಮೇಲಿನ ಬಾಟಲಿಗೆ ಅದು 75ಕ್ಕೆ ಇಳಿದು, ಹತ್ತು ವರ್ಷದಲ್ಲಿ 25ಕ್ಕೆ ಬರಬೇಕು. ರಾಜ್ಯದ ಅಬಕಾರಿ ಲೆಕ್ಕ ಇದರ ಮೇಲೆ ಬೇರೆ.

ಹೊಸರುಚಿ

ಎಲ್ಲರಿಗೂ ಧನ್ಯವಾದ, ಇಷ್ಟು ಎಲ್ಲೂ ಒಟ್ಟಿಗೆ ಓದಿರಲಿಲ್ಲ. ಹಿಲ್ ಆಫ್ ಗ್ರೇಸ್‌ನ ಹೊಸ ಬಿಡುಗಡೆಯೇ ಎಂಟುನೂರು ಆಸ್ಟ್ರೇಲಿಯನ್ ಡಾಲರಿಗೂ ಮೇಲೆ ಎಂದು ನೋಡಿದೆ, ಅದು ನನ್ನ ಕೈಗೆ ಸದ್ಯಕ್ಕೆ ಎಟುಕದು. ಮುಂದಿನ ತಿಂಗಳು ಮೆಲ್ಬರ್ನ್‌ಗೆ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಹಳೆ ಬಳ್ಳಿಯ ರುಚಿ ತಿಳಿಯಲು ಯಾವುದರಿಂದ ಶುರು ಮಾಡಲಿ?

ಬರೋಸಾ_ಬಳ್ಳಿಕೆಲಸ

ತಂಗಿ, ಲ್ಯಾಂಗ್‌ಮೈಲ್‌ನ ಆರ್ಫನ್ ಬ್ಯಾಂಕ್ ಶಿರಾಜ್ ಹುಡುಕು. ಮನೆ ಕಟ್ಟಲು ಜಾಗ ತೆರವಾಗುವಾಗ ಕಿತ್ತುಹಾಕಬೇಕಿದ್ದ ಹಳೆ ಬಳ್ಳಿಗಳನ್ನು ಬುಡಸಮೇತ ಎತ್ತಿ ತಂದು ನಾರ್ತ್ ಪ್ಯಾರಾ ಹೊಳೆಯ ದಂಡೆಯಲ್ಲಿ ನೆಟ್ಟರು, ಅವು ಚಿಗುರಿ ಬದುಕಿಕೊಂಡವು. ಬೆಲೆ ಹಿಲ್ ಆಫ್ ಗ್ರೇಸ್‌ನ ಸಣ್ಣ ಪಾಲು. ಗ್ರೆನಾಶ್ ಇಷ್ಟವಾದರೆ ಚಿರಿಲ್ಲೋ ಮನೆಯದನ್ನು ನೋಡು, ಅವರ ತೋಟವೂ 19ನೇ ಶತಮಾನದ ನಡುವಿನದು. ಎರಡು ಬಾಟಲಿ ಕೊಳ್ಳಲು ಸಾಧ್ಯವಾದರೆ ಒಂದನ್ನು ಅಕ್ಕನ ಜೊತೆ ಈಗಲೇ ತೆರೆ, ಇನ್ನೊಂದನ್ನು ಅವಳ ಮನೆಯ ಅತಿ ತಂಪಾದ ಕತ್ತಲೆ ಮೂಲೆಯಲ್ಲಿ ಮಲಗಿಸಿ ಬಾ. ಸ್ಕ್ರೂ ಮುಚ್ಚಳ ಇದ್ದರೆ ನಿಲ್ಲಿಸಿಟ್ಟರೂ ಅಡ್ಡಿಯಿಲ್ಲ. ಹತ್ತು ವರ್ಷದ ಮೇಲೆ ತೆರೆದಾಗ ಇಲ್ಲಿ ಬಂದು ಬರೆ, ಮೇಷ್ಟ್ರು ಹುಳಿಯ ಬಗ್ಗೆ ಕೇಳಿಯೇ ಕೇಳುತ್ತಾರೆ.

ರಸಾಯನ_ಮೇಷ್ಟ್ರು

ಖಂಡಿತ ಕೇಳುತ್ತೇನೆ. ಮೊದಲ ಬಾಟಲಿ ತೆರೆದ ದಿನವೇ ಹುಳಿ, ಒಗರು, ಬಣ್ಣ ಮೂರನ್ನೂ ಒಂದು ಚೀಟಿಯಲ್ಲಿ ಬರೆದು, ಇನ್ನೊಂದು ಬಾಟಲಿಗೆ ಅಂಟಿಸಿಡಿ.